ಒಂದು ಕಾರ್ಡನ್ನು ಇಪ್ಪತ್ತೊಂದು ಮಾಡುವ ಬಗೆ: ಇಂಕ್‌ಸ್ಕೇಪ್‌ನಲ್ಲಿ ಗ್ರಿಡ್ ಜೋಡಣೆ

ಒಂದು ವಿಸಿಟಿಂಗ್ ಕಾರ್ಡಿನ ವಿನ್ಯಾಸಕ್ಕೆ ಅರ್ಧ ದಿನ ಹಿಡಿಯಬಹುದು. ಅದನ್ನು ಶೀಟಿನ ತುಂಬ ಸಾಲಾಗಿ ಕೂರಿಸಲು ಐದು ನಿಮಿಷ ಸಾಕು. ಆದರೆ ನನ್ನ ಅನುಭವದಲ್ಲಿ ಪ್ರೆಸ್ಸಿನಿಂದ ಕೆಲಸ ವಾಪಸು ಬಂದದ್ದು ಹೆಚ್ಚಾಗಿ ಆ ಐದು ನಿಮಿಷದ ಕೆಲಸ ಕೆಟ್ಟದ್ದರಿಂದಲೇ. ಮೊದಲ ಸಾಲು ಸರಿಯಾಗಿರುತ್ತದೆ, ಎರಡನೆಯದೂ ಸರಿಯಾಗಿರುವಂತೆ ಕಾಣುತ್ತದೆ, ಏಳನೆಯ ಸಾಲಿಗೆ ಬರುವಷ್ಟರಲ್ಲಿ ಬ್ಲೇಡು ಅಕ್ಷರದ ಮೇಲೆಯೇ ಇಳಿಯುತ್ತದೆ. ಒಂದು ವಸ್ತುವನ್ನು ಸಾಲು ಮತ್ತು ಕಾಲಮ್ಮುಗಳಲ್ಲಿ ನಕಲು ಮಾಡುವ ಆಜ್ಞೆ ಯಾವ ತಂತ್ರಾಂಶದಲ್ಲಿಯೂ ಕಷ್ಟದ್ದಲ್ಲ. ಆ ಆಜ್ಞೆಗೆ ನಾವು ಒಪ್ಪಿಸುವ ಮೂಲ ವಸ್ತುವಿನ ಅಳತೆ ಎಷ್ಟು ನಿಖರವಾಗಿದೆ ಎಂಬುದರ ಮೇಲೆ ಉಳಿದದ್ದೆಲ್ಲ ನಿಂತಿದೆ. ಆದುದರಿಂದ ಈ ಬರಹದಲ್ಲಿ ಗುಂಡಿ ಒತ್ತುವುದಕ್ಕಿಂತ ಮುಂಚಿನ ಕೆಲಸಕ್ಕೆ ಹೆಚ್ಚು ಜಾಗ ಕೊಟ್ಟಿದ್ದೇನೆ.

ಉದಾಹರಣೆಗೆ ಇಂಕ್‌ಸ್ಕೇಪ್ ಎಂಬ ವಿನ್ಯಾಸದ ತಂತ್ರಾಂಶವನ್ನು ಆರಿಸಿಕೊಂಡಿದ್ದೇನೆ. ಅದು ಉಚಿತ, ವಿಂಡೋಸ್ ಮತ್ತು ಲಿನಕ್ಸ್ ಎರಡರಲ್ಲಿಯೂ ನಡೆಯುತ್ತದೆ, ಯೂನಿಕೋಡ್ ಕನ್ನಡದ ಒತ್ತಕ್ಷರಗಳನ್ನು ಸರಿಯಾಗಿ ಮೂಡಿಸುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ, ಗ್ರಿಡ್ಡಿನ ಎಲ್ಲ ಪ್ರತಿಗಳನ್ನೂ ಮೂಲದ ಜೊತೆಗೆ ಕೊಂಡಿ ಹಾಕಿ ಇಟ್ಟುಕೊಳ್ಳುವ ಕ್ಲೋನ್ ಎಂಬ ಸೌಲಭ್ಯ ಅದರಲ್ಲಿದೆ. ನಮ್ಮ ಕಡೆಯ ಡಿಟಿಪಿ ಅಂಗಡಿಗಳಲ್ಲಿ ಕೋರೆಲ್‌ಡ್ರಾ ಹೆಚ್ಚು ಬಳಕೆಯಲ್ಲಿರುವುದರಿಂದ ಅದರ ವಿಧಾನವನ್ನೂ ಮುಂದೆ ಹೇಳಿದ್ದೇನೆ. ಇಂಕ್‌ಸ್ಕೇಪ್‌ನ 1.0 ಮತ್ತು ಅದರ ನಂತರದ ಆವೃತ್ತಿಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದಿದ್ದೇನೆ. ಹಳೆಯ ಆವೃತ್ತಿಗಳಲ್ಲಿ ಲಂಬ ಅಳತೆ ಪುಟದ ಕೆಳಗಿನ ಮೂಲೆಯಿಂದ ಎಣಿಕೆಯಾಗುತ್ತಿತ್ತು, ಈಗ ಮೇಲಿನ ಎಡಮೂಲೆಯಿಂದ ಎಣಿಕೆಯಾಗುತ್ತದೆ. ಇಲ್ಲಿ ಕೊಟ್ಟಿರುವ ಸಂಖ್ಯೆಗಳು ಹೊಸ ಕ್ರಮಕ್ಕೆ ಹೊಂದುತ್ತವೆ.

ಮೊದಲು ಕಾಗದದ ಲೆಕ್ಕ

ಕಂಪ್ಯೂಟರ್ ಮುಂದೆ ಕೂರುವ ಮೊದಲು ಒಂದು ಚೀಟಿಯಲ್ಲಿ ಲೆಕ್ಕ ಮಾಡಿಕೊಳ್ಳಬೇಕು. ಡಿಜಿಟಲ್ ಪ್ರಿಂಟಿಂಗ್ ಅಂಗಡಿಗಳಲ್ಲಿ ಸಾಮಾನ್ಯವಾಗಿ ಸಿಗುವ ಶೀಟು 12×18 ಇಂಚಿನದು, ಎಂದರೆ 304.8×457.2 ಮಿ.ಮೀ. ಕಾರ್ಡಿನ ಅಂತಿಮ ಅಳತೆಯನ್ನು ಇಲ್ಲಿ 90×54 ಮಿ.ಮೀ. ಎಂದು ಇಟ್ಟುಕೊಳ್ಳೋಣ. ಕಾರ್ಡಿನ ಹಿನ್ನೆಲೆಯಲ್ಲಿ ಬಣ್ಣವಿದ್ದರೆ ಆ ಬಣ್ಣವನ್ನು ಕತ್ತರಿಸುವ ಗೆರೆಯಿಂದ ಆಚೆಗೆ ನಾಲ್ಕೂ ಬದಿಗೆ 3 ಮಿ.ಮೀ. ಚಾಚಿ ಬಿಡಬೇಕು, ಇದಕ್ಕೆ ಬ್ಲೀಡ್ ಎನ್ನುತ್ತಾರೆ. ಬ್ಲೇಡು ಕೂದಲೆಳೆಯಷ್ಟು ಸರಿದರೂ ಅಂಚಿನಲ್ಲಿ ಬಿಳಿ ಗೆರೆ ಕಾಣದಂತೆ ಅದು ಕಾಯುತ್ತದೆ. ಬ್ಲೀಡ್ ಸೇರಿದರೆ ಕಾರ್ಡು 96×60 ಮಿ.ಮೀ. ಆಗುತ್ತದೆ.

304.8ನ್ನು 96ರಿಂದ ಭಾಗಿಸಿದರೆ 3 ಕಾಲಮ್ಮು ಹಿಡಿಯುತ್ತದೆ, 457.2ನ್ನು 60ರಿಂದ ಭಾಗಿಸಿದರೆ 7 ಸಾಲು ಹಿಡಿಯುತ್ತದೆ. ಒಟ್ಟು 21 ಕಾರ್ಡು. ಅಡ್ಡಕ್ಕೆ ಉಳಿಯುವುದು 16.8 ಮಿ.ಮೀ., ಉದ್ದಕ್ಕೆ ಉಳಿಯುವುದು 37.2 ಮಿ.ಮೀ. ಇವನ್ನು ಎರಡು ಬದಿಗೂ ಸಮನಾಗಿ ಹಂಚಿದರೆ ಎಡಬಲಕ್ಕೆ 8.4, ಮೇಲೆ ಕೆಳಗೆ 18.6 ಮಿ.ಮೀ. ಅಂಚು ದೊರೆಯುತ್ತದೆ. ಕಾರ್ಡನ್ನು ತಿರುಗಿಸಿ ನಿಲ್ಲಿಸಿದರೆ ಹೆಚ್ಚು ಹಿಡಿಯಬಹುದೇ ಎಂದು ಒಮ್ಮೆ ನೋಡುವುದು ಒಳ್ಳೆಯದು. ಇಲ್ಲಿ ಹಾಗೆ ಮಾಡಿದರೆ 5 ಕಾಲಮ್ಮು, 4 ಸಾಲು ಸೇರಿ 20 ಮಾತ್ರ ಆಗುತ್ತದೆ. ಸಾಲದ್ದಕ್ಕೆ ಎಡಬಲದ ಅಂಚು 2.4 ಮಿ.ಮೀ.ಗೆ ಇಳಿಯುತ್ತದೆ, ಯಂತ್ರಕ್ಕೆ ಅಷ್ಟು ಕಡಿಮೆ ಅಂಚು ಸಾಲದು.

ಹಿನ್ನೆಲೆ ಬರೀ ಬಿಳಿಯಾಗಿದ್ದರೆ ಲೆಕ್ಕವೇ ಬೇರೆ. ಆಗ ಬ್ಲೀಡ್ ಬೇಕಿಲ್ಲ, 90×54ರ ಅಳತೆಯಲ್ಲಿಯೇ ಕಾರ್ಡುಗಳನ್ನು ಒಂದಕ್ಕೊಂದು ಅಂಟಿಸಿ 3 ಕಾಲಮ್ಮು, 8 ಸಾಲು, ಎಂದರೆ 24 ಕಾರ್ಡು ಕೂರಿಸಬಹುದು. ಗಿರಾಕಿ 500 ಕಾರ್ಡು ಕೇಳಿದ್ದರೆ ಮೊದಲ ಲೆಕ್ಕದಲ್ಲಿ 24 ಶೀಟು, ಎರಡನೆಯದರಲ್ಲಿ 21 ಶೀಟು ಬೇಕು. ಎರಡರಲ್ಲಿಯೂ ಕೈಗೆ ಬರುವುದು 504. ಮೂರು ಶೀಟು ಉಳಿಸುವ ಆಸೆಗೆ ಬಣ್ಣದ ಹಿನ್ನೆಲೆಯ ಕಾರ್ಡನ್ನು ಬ್ಲೀಡ್ ಇಲ್ಲದೆ ಕೂರಿಸುವವರನ್ನು ನೋಡಿದ್ದೇನೆ. ಪಕ್ಕದ ಕಾರ್ಡಿನ ಬಣ್ಣವೂ ಅದೇ ಆಗಿರುವುದರಿಂದ ಬ್ಲೇಡು ಸರಿದರೂ ಒಳಗಡೆ ಬಿಳಿ ಗೆರೆ ಬೀಳುವುದಿಲ್ಲ ಎಂಬ ಅವರ ವಾದ ಒಂದೇ ಬಣ್ಣದ ಹಿನ್ನೆಲೆಯ ಮಟ್ಟಿಗೆ ಸರಿ. ಎಡ ಅಂಚಿನಲ್ಲಿ ಕೆಂಪು, ಬಲ ಅಂಚಿನಲ್ಲಿ ಹಳದಿ ಇರುವ ಕಾರ್ಡಿಗೆ ಅದು ನಡೆಯುವುದಿಲ್ಲ.

ಮೂಲ ಕಾರ್ಡನ್ನು ಅಳತೆಗೆ ತರುವುದು

ಇಂಕ್‌ಸ್ಕೇಪ್ ತೆರೆದು, ಫೈಲ್ ಮೆನುವಿನ ‘ಡಾಕ್ಯುಮೆಂಟ್ ಪ್ರಾಪರ್ಟೀಸ್’ಗೆ ಹೋಗಿ ಪುಟದ ಅಗಲವನ್ನು 304.8, ಎತ್ತರವನ್ನು 457.2, ಮಾನವನ್ನು ಮಿಲಿಮೀಟರ್ ಎಂದು ಕೊಡಿ. ಅನಂತರ ಎಡಿಟ್ ಮೆನುವಿನ ಕೊನೆಯಲ್ಲಿರುವ ‘ಪ್ರಿಫರೆನ್ಸಸ್’ ತೆರೆದು ‘ಟೂಲ್ಸ್’ ವಿಭಾಗಕ್ಕೆ ಹೋಗಿ. ಅಲ್ಲಿ ‘ಬೌಂಡಿಂಗ್ ಬಾಕ್ಸ್ ಟು ಯೂಸ್’ ಎಂಬಲ್ಲಿ ‘ವಿಶುವಲ್’ ಮತ್ತು ‘ಜಿಯೊಮೆಟ್ರಿಕ್’ ಎಂಬ ಎರಡು ಆಯ್ಕೆಗಳಿರುತ್ತವೆ. ಎರಡನೆಯದನ್ನು ಆರಿಸಿ. ಈ ಒಂದು ಚುಕ್ಕೆ ಯಾವ ಕಡೆ ಇದೆ ಎಂಬುದು ಇಡೀ ಗ್ರಿಡ್ಡಿನ ಹಣೆಬರಹವನ್ನು ನಿರ್ಧರಿಸುವುದರಿಂದ ಸ್ವಲ್ಪ ವಿವರಿಸುತ್ತೇನೆ.

ಯಾವುದೇ ವಸ್ತುವನ್ನು ಆಯ್ಕೆ ಮಾಡಿದಾಗ ಅದರ ಸುತ್ತ ಕಾಣುವ ಚುಕ್ಕೆಗೆರೆಯ ಚೌಕವೇ ಬೌಂಡಿಂಗ್ ಬಾಕ್ಸ್. ಗ್ರಿಡ್ ಮಾಡುವ ಆಜ್ಞೆಗೆ ಕಾರ್ಡು ಎಂದರೆ ಏನೆಂದು ತಿಳಿಯದು, ಅದಕ್ಕೆ ತಿಳಿಯುವುದು ಆ ಚೌಕ ಮಾತ್ರ. ಒಂದು ಚೌಕದ ಬಲ ಅಂಚು ಮುಗಿದಲ್ಲಿ ಮುಂದಿನ ಚೌಕದ ಎಡ ಅಂಚನ್ನು ತಂದು ಕೂರಿಸುತ್ತದೆ. ವಿಶುವಲ್ ಚೌಕವು ವಸ್ತುವಿನ ಹೊರಗೆರೆಯ ದಪ್ಪವನ್ನೂ ಸೇರಿಸಿಕೊಳ್ಳುತ್ತದೆ. ನೀವು ಕಾರ್ಡಿನ ಹಿನ್ನೆಲೆಯ ಆಯತಕ್ಕೆ 0.5 ಮಿ.ಮೀ. ದಪ್ಪದ ಗೆರೆ ಹಾಕಿದ್ದೀರಿ ಎಂದುಕೊಳ್ಳಿ. ಆ ಗೆರೆಯ ಅರ್ಧ ಒಳಗೆ, ಅರ್ಧ ಹೊರಗೆ ಇರುತ್ತದೆ. ಎರಡು ಬದಿಯ ಅರ್ಧಗಳು ಸೇರಿ ಚೌಕದ ಎತ್ತರ 60ರ ಬದಲು 60.5 ಆಗುತ್ತದೆ. ಎರಡನೆಯ ಸಾಲು ಅರ್ಧ ಮಿಲಿಮೀಟರ್ ಕೆಳಗೆ ಕೂರುತ್ತದೆ, ಕಣ್ಣಿಗೆ ಗೊತ್ತಾಗುವುದಿಲ್ಲ. ಮೂರನೆಯದು 1 ಮಿ.ಮೀ., ನಾಲ್ಕನೆಯದು 1.5, ಹೀಗೆ ಏಳನೆಯ ಸಾಲು ಇರಬೇಕಾದ ಜಾಗಕ್ಕಿಂತ 3 ಮಿ.ಮೀ. ಕೆಳಗಿರುತ್ತದೆ. ನಾವು ಬಿಟ್ಟ ಬ್ಲೀಡ್ ಕೂಡ ಅಷ್ಟೇ. ಕಟಿಂಗ್‌ನವರು 60 ಮಿ.ಮೀ.ಯ ಲೆಕ್ಕದಲ್ಲಿ ಯಂತ್ರಕ್ಕೆ ಅಳತೆ ಕೊಟ್ಟಿದ್ದರೆ ಬ್ಲೇಡು ಬೀಳುವುದು ಕೆಳಗಿನ ಸಾಲಿನ ಬ್ಲೀಡಿನ ತುದಿಯ ಮೇಲೆ. ನಾನು ಈ ಕೆಲಸ ಕಲಿಯುತ್ತಿದ್ದಾಗ ಹೀಗೆಯೇ ಒಂದು ಕಟ್ಟು ಕಾರ್ಡು ಹಾಳಾಗಿತ್ತು, ಕಾರಣ ಗೊತ್ತಾಗಲು ಒಂದು ಸಂಜೆ ಹಿಡಿಯಿತು.

ಇನ್ನು ಮೂಲ ಕಾರ್ಡು. ಆಯತದ ಉಪಕರಣದಿಂದ ಒಂದು ಆಯತ ಬರೆದು, ಬಾಣದ ಗುರುತಿನ ಆಯ್ಕೆಯ ಉಪಕರಣಕ್ಕೆ ಬಂದು, ಮೇಲಿನ ಪಟ್ಟಿಯಲ್ಲಿ ಅಗಲ 96, ಎತ್ತರ 60 ಎಂದು ಕೊಡಿ. ಕೊಡುವಾಗ ಎರಡರ ನಡುವೆ ಇರುವ ಬೀಗದ ಚಿತ್ರ ತೆರೆದಿರಲಿ, ಇಲ್ಲವಾದರೆ ಒಂದನ್ನು ಬದಲಿಸಿದಾಗ ಇನ್ನೊಂದೂ ಬದಲಾಗುತ್ತದೆ. ಈ ಆಯತಕ್ಕೆ ಬಣ್ಣವಿರಲಿ, ಹೊರಗೆರೆ ಬೇಡ. ಹಿನ್ನೆಲೆ ಬಿಳಿಯಾಗಿದ್ದರೂ ಬಿಳಿ ಬಣ್ಣದ ಆಯತವನ್ನು ಇಡಿ, ಏಕೆಂದರೆ ಗ್ರಿಡ್ಡಿನ ಅಳತೆಯನ್ನು ಹಿಡಿದು ನಿಲ್ಲಿಸುವುದು ಇದೇ. ಅದರ ಎಕ್ಸ್ ಸ್ಥಾನವನ್ನು 8.4 ಎಂದೂ ವೈ ಸ್ಥಾನವನ್ನು 18.6 ಎಂದೂ ಕೊಟ್ಟುಬಿಟ್ಟರೆ ಮುಂದೆ ಇಡೀ ಗ್ರಿಡ್ಡನ್ನು ಪುಟದ ನಡುವೆ ತರುವ ಕೆಲಸವೇ ಇರುವುದಿಲ್ಲ.

ಅದರೊಳಗೆ, ನಾಲ್ಕೂ ಬದಿಯಿಂದ 3 ಮಿ.ಮೀ. ಬಿಟ್ಟು, ನಿಜವಾದ 90×54ರ ಕಾರ್ಡಿದೆ ಎಂದು ಭಾವಿಸಿ ಹೆಸರು, ವಿಳಾಸ, ಚಿಹ್ನೆಗಳನ್ನು ಜೋಡಿಸಿ. ಕತ್ತರಿಸುವ ಗೆರೆಯಿಂದ ಒಳಗೂ 4 ಮಿ.ಮೀ.ಯಷ್ಟು ಜಾಗದಲ್ಲಿ ಅಕ್ಷರ ಇಡಬೇಡಿ. ಕಟಿಂಗ್ ಮಾರ್ಕುಗಳನ್ನು ಈಗಲೇ, ಮೂಲ ಕಾರ್ಡಿನಲ್ಲಿಯೇ ಹಾಕಿಬಿಡುವುದು ನನ್ನ ರೂಢಿ. ಒಂದೊಂದು ಮೂಲೆಯಲ್ಲಿಯೂ ಕತ್ತರಿಸುವ ಗೆರೆಯ ನೇರಕ್ಕೆ, ಬ್ಲೀಡಿನ ಪಟ್ಟಿಯೊಳಗೆ, 2 ಮಿ.ಮೀ. ಉದ್ದದ ಎರಡು ಸಣ್ಣ ಗೆರೆಗಳು ಸಾಕು. ಮೂಲೆಯಿಂದ 1 ಮಿ.ಮೀ. ದೂರದಲ್ಲಿ ಆರಂಭವಾಗಿ ಬ್ಲೀಡಿನ ಅಂಚಿಗೆ ಮುಗಿಯಬೇಕು. ಅವು ಹಿನ್ನೆಲೆಯ ಮೇಲೆ ಎದ್ದು ಕಾಣುವ ಬಣ್ಣದಲ್ಲಿರಲಿ. ಕತ್ತರಿಸಿದ ಮೇಲೆ ಬ್ಲೀಡಿನ ಜೊತೆಗೆ ಅವೂ ಕಸದ ಬುಟ್ಟಿಗೆ ಹೋಗುತ್ತವೆ, ಮತ್ತು ಗ್ರಿಡ್ ಮಾಡಿದಾಗ 21 ಕಾರ್ಡಿಗೂ ಮಾರ್ಕುಗಳು ತಾವಾಗಿಯೇ ಬರುತ್ತವೆ.

ಈಗ ಎಲ್ಲವನ್ನೂ ಆಯ್ಕೆ ಮಾಡಿ ಕಂಟ್ರೋಲ್ ಮತ್ತು ಜಿ ಒತ್ತಿ ಒಂದು ಗುಂಪು ಮಾಡಿ, ಮೇಲಿನ ಪಟ್ಟಿಯಲ್ಲಿ ಅಗಲ ಎತ್ತರಗಳನ್ನು ಓದಿ. ಅಲ್ಲಿ 96.000 ಮತ್ತು 60.000 ಎಂದೇ ಇರಬೇಕು. 97.2 ಎಂದೋ 60.35 ಎಂದೋ ಕಂಡರೆ ಯಾವುದೋ ಒಂದು ತುಣುಕು ಆಯತದಿಂದ ಆಚೆಗೆ ಇಣುಕುತ್ತಿದೆ ಎಂದರ್ಥ: ಒಂದು ಮಾರ್ಕು ಉದ್ದವಾಗಿರಬಹುದು, ಫೋಟೋ ದೊಡ್ಡದಾಗಿರಬಹುದು, ಅಥವಾ ಖಾಲಿ ಅಕ್ಷರಪೆಟ್ಟಿಗೆಯೊಂದು ಮೂಲೆಯಲ್ಲಿ ಮರೆತು ಉಳಿದಿರಬಹುದು. ಚಿತ್ರವನ್ನು ಕ್ಲಿಪ್ ಮಾಡಿ ಆಕಾರಕ್ಕೆ ತಂದಿದ್ದರೂ ಅದರ ಮರೆಯಾದ ಭಾಗ ಈ ಲೆಕ್ಕದಲ್ಲಿ ಬರಬಹುದು. ಆದುದರಿಂದ ಫೋಟೋವನ್ನು ಬೇರೆ ತಂತ್ರಾಂಶದಲ್ಲಿ ನಿಜವಾಗಿ ಕತ್ತರಿಸಿ ತರುವುದೇ ಕ್ಷೇಮ. ಆ ಎರಡು ಸಂಖ್ಯೆಗಳು ಸರಿಯಾಗುವ ತನಕ ಮುಂದಕ್ಕೆ ಹೋಗಬೇಡಿ.

ಗ್ರಿಡ್ ಮಾಡುವುದು

ಗುಂಪು ಆಯ್ಕೆಯಲ್ಲಿರುವಂತೆಯೇ ಎಡಿಟ್ ಮೆನುವಿನ ‘ಕ್ಲೋನ್’ ಒಳಗಿರುವ ‘ಕ್ರಿಯೇಟ್ ಟೈಲ್ಡ್ ಕ್ಲೋನ್ಸ್’ ತೆರೆಯಿರಿ. ಸಿಮೆಟ್ರಿ, ಶಿಫ್ಟ್, ಸ್ಕೇಲ್, ರೊಟೇಶನ್ ಮುಂತಾದ ಹಲವು ಹಾಳೆಗಳಿರುವ ಫಲಕ ಬರುತ್ತದೆ. ನೋಡಿದ ಕೂಡಲೇ ಗಾಬರಿಯಾಗುವಂತಿದೆ, ಆದರೆ ನಮಗೆ ಬೇಕಾದದ್ದು ಕೆಳಗಿನ ಒಂದು ಸಾಲು ಮಾತ್ರ. ಮೊದಲು ‘ರಿಸೆಟ್’ ಒತ್ತಿ, ಏಕೆಂದರೆ ಈ ಫಲಕ ಹಿಂದಿನ ಸಲ ಕೊಟ್ಟ ಸಂಖ್ಯೆಗಳನ್ನು ಮರೆಯುವುದಿಲ್ಲ. ಹೋದ ವಾರ ಬೇರೆ ಕೆಲಸಕ್ಕೆ ಕೊಟ್ಟಿದ್ದ ಐದು ಡಿಗ್ರಿ ತಿರುವು ಇಂದು ಕಾರ್ಡುಗಳನ್ನೆಲ್ಲ ಓಲಾಡಿಸಬಹುದು. ಸಿಮೆಟ್ರಿ ಹಾಳೆಯಲ್ಲಿ ಪಟ್ಟಿಯ ಮೊದಲನೆಯದಾದ ‘ಪಿ1: ಸಿಂಪಲ್ ಟ್ರಾನ್ಸ್‌ಲೇಶನ್’ ಇರಲಿ. ಅಲ್ಲಿರುವ 17 ಬಗೆಗಳು ತಂತ್ರಾಂಶದವರು ತೋಚಿದಂತೆ ಸೇರಿಸಿದವಲ್ಲ. ಸಮತಲದ ಮೇಲೆ ಒಂದು ಆಕೃತಿಯನ್ನು ಎರಡೂ ದಿಕ್ಕಿಗೆ ಪುನರಾವರ್ತಿಸಲು ಇರುವ ಸಮಮಿತಿಯ ಬಗೆಗಳು ಅಷ್ಟೇ ಎಂದು ರಷ್ಯದ ಫೆಡೊರೊವ್ 1891ರಲ್ಲಿ ಸಾಧಿಸಿ ತೋರಿಸಿದ್ದರು. ಸೀರೆಯ ಸೆರಗು, ಗೋಡೆಯ ಕಾಗದ ಮುಂತಾದವುಗಳ ವಿನ್ಯಾಸಕ್ಕೆ ಉಳಿದ ಹದಿನಾರು ಉಪಯೋಗಕ್ಕೆ ಬರುತ್ತವೆ, ಕಾರ್ಡಿಗೆ ಬೇಡ.

ಫಲಕದ ಕೆಳಭಾಗದಲ್ಲಿ ‘ರೋಸ್, ಕಾಲಮ್ಸ್’ ಎಂಬಲ್ಲಿ 7 ಮತ್ತು 3 ಎಂದು ಕೊಟ್ಟು ‘ಕ್ರಿಯೇಟ್’ ಒತ್ತಿ. ಶೀಟು ತುಂಬಿಕೊಳ್ಳುತ್ತದೆ. ಶಿಫ್ಟ್ ಹಾಳೆಯಲ್ಲಿ ಏನನ್ನೂ ಕೊಡದಿದ್ದುದರಿಂದ 96×60ರ ಚೌಕಗಳು ಒಂದಕ್ಕೊಂದು ತಾಗಿಕೊಂಡು ಕೂತಿವೆ. ನಿಜವಾದ ಕಾರ್ಡುಗಳ ನಡುವೆ ಎರಡು ಬ್ಲೀಡುಗಳು ಸೇರಿ 6 ಮಿ.ಮೀ. ಅಂತರ ತಾನಾಗಿ ಬಂದಿದೆ.

ಅಂತರವನ್ನು ಶಿಫ್ಟ್ ಹಾಳೆಯಲ್ಲಿಯೂ ಕೊಡಬಹುದಲ್ಲ ಎಂದು ಕೇಳಬಹುದು. ಕೊಡಬಹುದು, ಆದರೆ ಅಲ್ಲಿ ಮಿಲಿಮೀಟರ್ ನಡೆಯುವುದಿಲ್ಲ, ವಸ್ತುವಿನ ಅಗಲ ಎತ್ತರಗಳ ಶೇಕಡಾವಾರು ಮಾತ್ರ ನಡೆಯುತ್ತದೆ. 90 ಮಿ.ಮೀ. ಅಗಲದ ಕಾರ್ಡಿಗೆ 6 ಮಿ.ಮೀ. ಅಂತರ ಎಂದರೆ ಶೇಕಡಾ 6.666 ಎಂದು ಮುಗಿಯದ ಭಿನ್ನರಾಶಿ ಬರುತ್ತದೆ, 54 ಮಿ.ಮೀ. ಎತ್ತರಕ್ಕೆ 11.111. ಎಲ್ಲೋ ಒಂದು ಕಡೆ ಅದನ್ನು ಕತ್ತರಿಸಲೇಬೇಕು, ಕತ್ತರಿಸಿದ ಚೂರು ಸಾಲಿನಿಂದ ಸಾಲಿಗೆ ಬೆಳೆಯುತ್ತ ಹೋಗುತ್ತದೆ. ಅಂತರವನ್ನು ಮೂಲ ವಸ್ತುವಿನ ಅಳತೆಯಲ್ಲಿಯೇ ಸೇರಿಸಿಬಿಟ್ಟರೆ ಈ ರಗಳೆ ಇಲ್ಲ.

ಮೊದಲ ಕಾರ್ಡಿನ ಕೆಳಗೆ ಅಡಗಿರುವ ಮೂಲ

ಇಂಕ್‌ಸ್ಕೇಪ್ 21 ಕ್ಲೋನುಗಳನ್ನು ಮಾಡಿದೆ, ಮೂಲ ಕಾರ್ಡು ಅದರ ಹೊರತಾಗಿ ಇದ್ದೇ ಇದೆ. ಎಂದರೆ ಶೀಟಿನಲ್ಲಿರುವುದು 22. ಇಪ್ಪತ್ತೆರಡನೆಯದು ಎಲ್ಲಿ ಎಂದು ಹುಡುಕಿದರೆ ಕಾಣುವುದಿಲ್ಲ. ಅದು ಎಡಮೂಲೆಯ ಮೊದಲ ಕ್ಲೋನಿನ ಸರಿಯಾಗಿ ಕೆಳಗೆ ಕೂತಿದೆ. ಸಾಮಾನ್ಯ ಮುದ್ರಣದಲ್ಲಿ ಇದರಿಂದ ದೊಡ್ಡ ತೊಂದರೆಯಿಲ್ಲ. ಆದರೆ ಕಾರ್ಡಿನ ಹಿನ್ನೆಲೆಯ ಬಣ್ಣವೇ ಅರೆಪಾರದರ್ಶಕವಾಗಿದ್ದರೆ ಅದೊಂದು ಕಾರ್ಡಿನಲ್ಲಿ ಮಾತ್ರ ಬಣ್ಣ ಹೆಚ್ಚು ಗಾಢವಾಗುತ್ತದೆ. ಸ್ಟಿಕರ್ ಕತ್ತರಿಸುವ ಪ್ಲಾಟರಿಗೆ ಇದೇ ಫೈಲು ಕೊಟ್ಟರೆ ಮೊದಲ ಸ್ಟಿಕರಿನ ಮೇಲೆ ಬ್ಲೇಡು ಎರಡು ಸಲ ಓಡಿ ಹಿಂದಿನ ಕಾಗದವನ್ನೂ ಸೀಳುತ್ತದೆ.

ಪರಿಹಾರ ಸುಲಭ: ಮೇಲಿನ ಮೊದಲ ಕ್ಲೋನನ್ನು ಅಳಿಸಿ, ಅದರ ಜಾಗದಲ್ಲಿ ಮೂಲವೇ ಕಾಣುವಂತೆ ಮಾಡುವುದು. ಆದರೆ ಇಲ್ಲಿ ಒಂದು ಎಚ್ಚರಿಕೆ ಬೇಕು. ‘ಕ್ರಿಯೇಟ್’ ಒತ್ತಿದ ಮೇಲೂ ಆಯ್ಕೆಯಲ್ಲಿ ಉಳಿದಿರುವುದು ಮೂಲ ಕಾರ್ಡೇ. ಆತುರದಲ್ಲಿ ಡಿಲೀಟ್ ಒತ್ತಿದರೆ ಹೋಗುವುದು ಮೂಲ, ಅದರೊಂದಿಗೆ ಎಲ್ಲ ಕ್ಲೋನುಗಳ ಕೊಂಡಿಯೂ ಕಳಚಿಹೋಗುತ್ತದೆ. ಆದುದರಿಂದ ಮೊದಲು ಎಸ್ಕೇಪ್ ಒತ್ತಿ ಆಯ್ಕೆ ಬಿಡಿಸಿ, ಅನಂತರ ಎಡಮೂಲೆಯ ಕಾರ್ಡಿನ ಮೇಲೆ ಕ್ಲಿಕ್ ಮಾಡಿ, ಕೆಳಗಿನ ಸ್ಥಿತಿಪಟ್ಟಿಯಲ್ಲಿ ಅದು ಕ್ಲೋನ್ ಎಂದು ತೋರಿಸುತ್ತಿರುವುದನ್ನು ಓದಿಕೊಂಡು, ಆಮೇಲೆ ಡಿಲೀಟ್ ಒತ್ತಿ. ಪರದೆಯ ಮೇಲೆ ಏನೂ ಬದಲಾಗದಂತೆ ಕಾಣುತ್ತದೆ. ಅದೇ ಸರಿ, ಈಗ ಅಲ್ಲಿರುವುದು ಮೂಲ, ಉಳಿದ 20 ಅದರ ಕ್ಲೋನುಗಳು.

ಈ ವ್ಯವಸ್ಥೆಯ ಬೆಲೆ ತಿಳಿಯುವುದು ಗಿರಾಕಿ ಪ್ರೂಫ್ ನೋಡಿ “ಸರ್, ಫೋನ್ ನಂಬರಿನ ಕೊನೆಯ ಅಂಕಿ ಮೂರಲ್ಲ, ಎಂಟು” ಎಂದಾಗ. ಬರೀ ನಕಲು ಮಾಡಿದ ಶೀಟಿನಲ್ಲಿ 21 ಕಡೆ ತಿದ್ದಬೇಕು, ತಿದ್ದುವಾಗ ಒಂದೆರಡು ಬಿಟ್ಟೇ ಹೋಗುತ್ತವೆ. ಇಲ್ಲಿ ಎಡಮೂಲೆಯ ಕಾರ್ಡಿನ ಅಕ್ಷರದ ಮೇಲೆ ಅಕ್ಷರದ ಉಪಕರಣದಿಂದ ಕ್ಲಿಕ್ ಮಾಡಿ 3ನ್ನು 8 ಮಾಡಿದರೆ ಇಡೀ ಶೀಟಿನಲ್ಲಿ ಅದೇ ಕ್ಷಣದಲ್ಲಿ 8 ಆಗುತ್ತದೆ. ಯಾವ ಕಾರ್ಡು ಮೂಲ ಎಂಬುದು ಮರೆತುಹೋದರೆ ಯಾವುದಾದರೂ ಕ್ಲೋನನ್ನು ಆಯ್ಕೆ ಮಾಡಿ ಶಿಫ್ಟ್ ಮತ್ತು ಡಿ ಒತ್ತಿ, ಆಯ್ಕೆ ಮೂಲಕ್ಕೆ ಹಾರುತ್ತದೆ. ಮೂಲವನ್ನು ಎಳೆದರೆ ಕ್ಲೋನುಗಳೂ ಹಿಂದೆಯೇ ಬರುತ್ತವೆ ಎಂಬುದು ನೆನಪಿರಲಿ. ಶೀಟನ್ನೆಲ್ಲ ಒಟ್ಟಿಗೆ ಸರಿಸಬೇಕಾದಾಗ ಇದೇ ಗುಣ ಅನುಕೂಲವಾಗುತ್ತದೆ.

ಒಂದೇ ಸಂಸ್ಥೆಯ ಬೇರೆ ಬೇರೆ ನೌಕರರಿಗೆ ಕಾರ್ಡು ಮಾಡುವಾಗ ಹೆಸರು ಮಾತ್ರ ಬೇರೆ, ಹಿನ್ನೆಲೆ ಒಂದೇ. ಆಗ ಹಿನ್ನೆಲೆ, ಚಿಹ್ನೆ, ವಿಳಾಸ ಇವುಗಳ ಗುಂಪನ್ನು ಮೇಲೆ ಹೇಳಿದಂತೆ ಗ್ರಿಡ್ ಮಾಡಿ ಕೊಂಡಿ ಉಳಿಸಿಕೊಳ್ಳಿ. ಹೆಸರಿನ ಸಾಲನ್ನು ಬೇರೆ ಪದರದಲ್ಲಿ, 96×60ರ ಬಣ್ಣವಿರುವ ಇನ್ನೊಂದು ಆಯತದೊಂದಿಗೆ ಗುಂಪು ಮಾಡಿ ಗ್ರಿಡ್ ಮಾಡಿ. ಅನಂತರ ಆ ಪದರದ ಕ್ಲೋನುಗಳನ್ನೆಲ್ಲ ಆಯ್ಕೆ ಮಾಡಿ ಶಿಫ್ಟ್, ಆಲ್ಟ್ ಮತ್ತು ಡಿ ಒಟ್ಟಿಗೆ ಒತ್ತಿದರೆ ಕೊಂಡಿ ಕಳಚಿ ಪ್ರತಿಯೊಂದೂ ಸ್ವತಂತ್ರ ಅಕ್ಷರವಾಗುತ್ತದೆ. ಸಹಾಯಕ್ಕೆ ಇಟ್ಟಿದ್ದ ಆಯತಗಳನ್ನು ಅಳಿಸಿ, ಹೆಸರುಗಳನ್ನು ಒಂದೊಂದಾಗಿ ಬದಲಿಸಿ.

ಕೋರೆಲ್ ಮತ್ತು ಇತರ ತಂತ್ರಾಂಶಗಳಲ್ಲಿ

ಕೋರೆಲ್‌ಡ್ರಾದಲ್ಲಿ ಇದೇ ಕೆಲಸಕ್ಕೆ ‘ಸ್ಟೆಪ್ ಅಂಡ್ ರಿಪೀಟ್’ ಇದೆ. ಕಂಟ್ರೋಲ್, ಶಿಫ್ಟ್ ಮತ್ತು ಡಿ ಒತ್ತಿದರೆ ಬದಿಯಲ್ಲಿ ತೆರೆಯುತ್ತದೆ. ಕಾರ್ಡಿನ ಗುಂಪನ್ನು ಆಯ್ಕೆ ಮಾಡಿ, ಅಡ್ಡ ದಿಕ್ಕಿಗೆ ‘ಸ್ಪೇಸಿಂಗ್ ಬಿಟ್ವೀನ್ ಆಬ್ಜೆಕ್ಟ್ಸ್’ ಆರಿಸಿ ದೂರ 0, ದಿಕ್ಕು ಬಲ, ಪ್ರತಿಗಳು 2 ಎಂದು ಕೊಡಿ. ಲಂಬಕ್ಕೆ ‘ನೋ ಆಫ್‌ಸೆಟ್’ ಇರಲಿ. ಮೂರು ಕಾರ್ಡುಗಳ ಸಾಲು ಸಿದ್ಧವಾದ ಮೇಲೆ ಮೂರನ್ನೂ ಆಯ್ಕೆ ಮಾಡಿ, ಈಗ ಅಡ್ಡಕ್ಕೆ ‘ನೋ ಆಫ್‌ಸೆಟ್’, ಲಂಬಕ್ಕೆ ದೂರ 0, ದಿಕ್ಕು ಕೆಳಗೆ, ಪ್ರತಿಗಳು 6. ಇಲ್ಲಿ ಕೇಳುವುದು ಮೂಲವನ್ನು ಬಿಟ್ಟು ಎಷ್ಟು ಪ್ರತಿ ಬೇಕೆಂದು. ಇಂಕ್‌ಸ್ಕೇಪ್ ಕೇಳುವುದು ಒಟ್ಟು ಎಷ್ಟು ಸಾಲು ಎಂದು. ಒಂದರಿಂದ ಇನ್ನೊಂದಕ್ಕೆ ಬಂದವರು ಮೊದಲ ದಿನ ನಾಲ್ಕು ಕಾಲಮ್ಮು ಮಾಡಿ ಶೀಟಿನಿಂದ ಆಚೆಗೆ ಹೋಗುವುದು ಮಾಮೂಲು. ‘ಸ್ಪೇಸಿಂಗ್’ ಬದಲು ‘ಆಫ್‌ಸೆಟ್’ ಆರಿಸಿದರೆ ಅಂತರವನ್ನಲ್ಲ, ಒಂದು ಕಾರ್ಡಿನ ಆರಂಭದಿಂದ ಮುಂದಿನ ಕಾರ್ಡಿನ ಆರಂಭದವರೆಗಿನ ದೂರವನ್ನು ಕೊಡಬೇಕು, ಇಲ್ಲಿ 96 ಮತ್ತು 60. ಪೇಜ್‌ಮೇಕರ್ ಕಾಲದಲ್ಲಿ ಕೆಲಸ ಕಲಿತವರಿಗೆ ‘ಮಲ್ಟಿಪಲ್ ಪೇಸ್ಟ್’ ನೆನಪಿರಬಹುದು. ಅದೂ ಈ ಎರಡನೆಯ ಲೆಕ್ಕದಲ್ಲಿಯೇ ನಡೆಯುತ್ತಿತ್ತು.

ಇನ್‌ಡಿಸೈನ್‌ನಲ್ಲಿ ಎಡಿಟ್ ಮೆನುವಿನ ‘ಸ್ಟೆಪ್ ಅಂಡ್ ರಿಪೀಟ್’ ಫಲಕದಲ್ಲಿ ‘ಕ್ರಿಯೇಟ್ ಆಸ್ ಎ ಗ್ರಿಡ್’ ಗುರುತು ಹಾಕಿದರೆ ಎರಡೂ ದಿಕ್ಕು ಒಂದೇ ಏಟಿಗೆ ಮುಗಿಯುತ್ತದೆ: ಸಾಲು 7, ಕಾಲಮ್ಮು 3, ಆಫ್‌ಸೆಟ್ ಲಂಬ 60, ಅಡ್ಡ 96. ಇಲಸ್ಟ್ರೇಟರ್‌ನಲ್ಲಿ ‘ಮೂವ್’ ಫಲಕದಲ್ಲಿ ಅಡ್ಡಕ್ಕೆ 96 ಕೊಟ್ಟು ‘ಕಾಪಿ’ ಒತ್ತಿ, ಒಮ್ಮೆ ಕಂಟ್ರೋಲ್ ಮತ್ತು ಡಿ. ಮೂರನ್ನೂ ಹಿಡಿದು ಲಂಬಕ್ಕೆ 60 ಕೊಟ್ಟು ‘ಕಾಪಿ’, ಅನಂತರ ಐದು ಸಲ ಕಂಟ್ರೋಲ್ ಮತ್ತು ಡಿ. ಎಲ್ಲದರಲ್ಲಿಯೂ 96×60 ಎಂಬ ಸಂಖ್ಯೆ ಒಂದೇ ಎಂಬುದನ್ನು ಗಮನಿಸಿ.

ಹಿಂಬದಿ

ಎರಡು ಬದಿ ಮುದ್ರಿಸುವ ಕಾರ್ಡಾದರೆ ಹಿಂಬದಿಯ ಶೀಟನ್ನೂ ಇದೇ ಸ್ಥಾನದಿಂದ, ಇದೇ ಅಳತೆಯಲ್ಲಿ ಮಾಡಬೇಕು. ಎಡಬಲದ ಅಂಚನ್ನು 8.4 ಎಂದು ಸಮವಾಗಿ ಹಂಚಿದ್ದರ ಫಲ ಇಲ್ಲಿ ಸಿಗುತ್ತದೆ: ಶೀಟನ್ನು ಪುಟ ತಿರುವಿದಂತೆ ತಿರುಗಿಸಿದಾಗ ಹಿಂದಿನ ಗ್ರಿಡ್ ಮುಂದಿನದರ ನೇರಕ್ಕೇ ಬೀಳುತ್ತದೆ. ಗ್ರಿಡ್ ಒಂದು ಬದಿಗೆ 2 ಮಿ.ಮೀ. ವಾಲಿದ್ದರೆ ಹಿಂಬದಿಯಲ್ಲಿ ಅದು ಎದುರು ಬದಿಗೆ ವಾಲಿ ಒಟ್ಟು 4 ಮಿ.ಮೀ. ವ್ಯತ್ಯಾಸವಾಗುತ್ತದೆ. ಕಾರ್ಡುಗಳಲ್ಲಿ ಬೇರೆ ಬೇರೆ ಹೆಸರುಗಳಿದ್ದು ಹಿಂಬದಿಯಲ್ಲಿಯೂ ಆಯಾ ವ್ಯಕ್ತಿಯ ವಿವರವಿದ್ದರೆ ಕಾಲಮ್ಮುಗಳ ಕ್ರಮವನ್ನು ತಿರುಗುಮುರುಗು ಮಾಡಬೇಕು. ಮುಂಬದಿಯ ಎಡ ಕಾಲಮ್ಮಿನ ಬೆನ್ನು ಹಿಂಬದಿಯ ಬಲ ಕಾಲಮ್ಮಿನಲ್ಲಿರುತ್ತದೆ. ಒಂದು ಬಿಳಿ ಹಾಳೆಯ ಮೇಲೆ ಪೆನ್ನಿನಲ್ಲಿ ಒಂದು, ಎರಡು, ಮೂರು ಎಂದು ಬರೆದು ತಿರುಗಿಸಿ ನೋಡಿದರೆ ಗೊಂದಲ ಉಳಿಯುವುದಿಲ್ಲ.

ಸಂದು ಚುಕ್ಕಿಯ ಗ್ರಿಡ್

ಶಿಫ್ಟ್ ಹಾಳೆಯನ್ನು ಕಾರ್ಡಿಗೆ ಬೇಡವೆಂದೆ, ಆದರೆ ಅದು ನಿಜವಾಗಿ ಬೇಕಾಗುವ ಗ್ರಿಡ್ಡೊಂದು ನಮ್ಮ ಮನೆಯ ಮುಂದೆಯೇ ಇದೆ. ರಂಗೋಲಿಯ ಚುಕ್ಕಿಗಳಲ್ಲಿ ನೇರ ಚುಕ್ಕಿ ಎಂದರೆ ಸಾಲು ಕಾಲಮ್ಮುಗಳ ಸಾದಾ ಗ್ರಿಡ್. ಸಂದು ಚುಕ್ಕಿ ಎಂದರೆ ಮೇಲಿನ ಸಾಲಿನ ಎರಡು ಚುಕ್ಕಿಗಳ ನಡುವಿನ ಸಂದಿಗೆ ಕೆಳಗಿನ ಸಾಲಿನ ಚುಕ್ಕಿ ಬರುವ ಗ್ರಿಡ್. ಮಕ್ಕಳಿಗೆ ರಂಗೋಲಿ ಅಭ್ಯಾಸದ ಹಾಳೆಯನ್ನು ಎ4 ಪುಟದಲ್ಲಿ ಮಾಡಿಕೊಡಬೇಕಾಗಿ ಬಂದಾಗ ನಾನು ಈ ಫಲಕದ ಉಳಿದ ಭಾಗವನ್ನು ಕಲಿತೆ.

2 ಮಿ.ಮೀ. ವ್ಯಾಸದ, ಹೊರಗೆರೆಯಿಲ್ಲದ ಒಂದು ಕಪ್ಪು ಚುಕ್ಕಿ ಬರೆಯಿರಿ. ಚುಕ್ಕಿಯಿಂದ ಚುಕ್ಕಿಗೆ 15 ಮಿ.ಮೀ. ದೂರ ಬೇಕು. ಚುಕ್ಕಿಯದೇ 2 ಮಿ.ಮೀ. ಇರುವುದರಿಂದ ನಡುವೆ ಬಿಡಬೇಕಾದದ್ದು 13. ಅದು 2ರ ಶೇಕಡಾ 650. ಇಲ್ಲಿ ಶೇಕಡಾ ಲೆಕ್ಕ ಚೂರಿಲ್ಲದೆ ಬರುತ್ತದೆ. ನೇರ ಚುಕ್ಕಿಗೆ ಶಿಫ್ಟ್ ಹಾಳೆಯಲ್ಲಿ ‘ಶಿಫ್ಟ್ ಎಕ್ಸ್’ ಸಾಲಿನ ‘ಪರ್ ಕಾಲಮ್’ ಎಂಬಲ್ಲಿ 650, ‘ಶಿಫ್ಟ್ ವೈ’ ಸಾಲಿನ ‘ಪರ್ ರೋ’ ಎಂಬಲ್ಲಿ 650 ಕೊಟ್ಟು 7 ಸಾಲು, 7 ಕಾಲಮ್ಮು ಮಾಡಿದರೆ ಮುಗಿಯಿತು.

ಸಂದು ಚುಕ್ಕಿಗೆ ಒಂದು ಬಿಟ್ಟು ಒಂದು ಸಾಲು ಬಲಕ್ಕೆ ಅರ್ಧ ಅಂತರ, ಎಂದರೆ 7.5 ಮಿ.ಮೀ. ಸರಿಯಬೇಕು; ಅದು 2ರ ಶೇಕಡಾ 375. ಇದನ್ನು ‘ಶಿಫ್ಟ್ ಎಕ್ಸ್’ ಸಾಲಿನ ‘ಪರ್ ರೋ’ ಎಂಬಲ್ಲಿ ಕೊಟ್ಟು, ಕೆಳಗೆ ‘ಆಲ್ಟರ್ನೇಟ್’ ಎಂಬಲ್ಲಿ ಸಾಲಿನ ಚೌಕಕ್ಕೆ ಗುರುತು ಹಾಕಿ. ಗುರುತು ಹಾಕದಿದ್ದರೆ ಪ್ರತಿ ಸಾಲೂ ಇನ್ನಷ್ಟು ಬಲಕ್ಕೆ ಜಾರುತ್ತ ಇಡೀ ಗ್ರಿಡ್ ಓರೆಯಾಗುತ್ತದೆ. ಎಲ್ಲ ನೆರೆಯ ಚುಕ್ಕಿಗಳ ದೂರವೂ ಸಮನಾಗಿರಬೇಕಾದರೆ ಸಾಲುಗಳು ಸ್ವಲ್ಪ ಹತ್ತಿರವಾಗಬೇಕು: 15ನ್ನು 0.866ರಿಂದ ಗುಣಿಸಿದರೆ ಹೆಚ್ಚು ಕಡಿಮೆ 13. ಆದರೆ ಸಾಲಿನ ‘ಆಲ್ಟರ್ನೇಟ್’ ಗುರುತು ‘ಶಿಫ್ಟ್ ವೈ’ಗೂ ತಾಗುವುದರಿಂದ ಈ ದೂರವನ್ನು ಅಲ್ಲಿ ಕೊಡುವಂತಿಲ್ಲ, ಮೂಲ ವಸ್ತುವಿನಲ್ಲಿಯೇ ಸೇರಿಸಬೇಕು. ಚುಕ್ಕಿಯನ್ನು 2 ಮಿ.ಮೀ. ಅಗಲ, 13 ಮಿ.ಮೀ. ಎತ್ತರದ, ಬಣ್ಣವೂ ಹೊರಗೆರೆಯೂ ಇಲ್ಲದ ಒಂದು ಆಯತದೊಂದಿಗೆ ಗುಂಪು ಮಾಡಿ, ‘ಶಿಫ್ಟ್ ವೈ’ ಸಾಲಿನ ‘ಪರ್ ರೋ’ ಎಂಬಲ್ಲಿ 0 ಕೊಡಿ. ‘ಪರ್ ಕಾಲಮ್’ನ 650 ಹಾಗೆಯೇ ಇರಲಿ.

7ರಿಂದ 4 ಸಂದು ಚುಕ್ಕಿಗೆ ಈ 49 ಚುಕ್ಕಿಗಳಲ್ಲಿ ಮೊದಲ ಮತ್ತು ಕೊನೆಯ ಸಾಲಿನಲ್ಲಿ ಎಡದಿಂದ ಎರಡು, ಬಲದಿಂದ ಒಂದು ಅಳಿಸಬೇಕು. ಎರಡನೆಯ ಮತ್ತು ಆರನೆಯ ಸಾಲಿನಲ್ಲಿ ಎರಡೂ ಕಡೆಯಿಂದ ಒಂದೊಂದು. ಮೂರನೆಯ ಮತ್ತು ಐದನೆಯ ಸಾಲಿನಲ್ಲಿ ಎಡದಿಂದ ಒಂದು ಅಳಿಸಬೇಕು. ಹನ್ನೆರಡು ಹೋಗಿ 37 ಉಳಿಯುತ್ತವೆ: 4, 5, 6, 7, 6, 5, 4. ಅಳಿಸುವಾಗ ಎಡಮೂಲೆಯ ಮೊದಲ ಚುಕ್ಕಿ ಎಷ್ಟು ಅಳಿಸಿದರೂ ಹೋಗದಂತೆ ಕಾಣುತ್ತದೆ. ಕೆಳಗಿರುವುದು ಮೂಲ ಎಂಬುದು ಈಗ ನಿಮಗೆ ಗೊತ್ತು. ಎಲ್ಲ ಚುಕ್ಕಿಗಳ ಕೊಂಡಿಯನ್ನು ಕಳಚಿದ ಮೇಲೆ ಅದನ್ನೂ ಅಳಿಸಿ.

ಪ್ರೆಸ್ಸಿಗೆ ಕೊಡುವ ಮುನ್ನ

ಕಾರ್ಡಿನ ಫೈಲಿಗೆ ಮರಳೋಣ. ‘ಸೇವ್ ಆಸ್’ನಲ್ಲಿ ಪಿಡಿಎಫ್ ಆರಿಸಿದಾಗ ಬರುವ ಫಲಕದಲ್ಲಿ ಅಕ್ಷರಗಳನ್ನು ಪಾತ್, ಎಂದರೆ ಫಾಂಟಿನ ಹಂಗಿಲ್ಲದ ಬರೀ ಆಕಾರಗಳಾಗಿ ಬದಲಿಸುವ ಆಯ್ಕೆಯನ್ನು ಗುರುತಿಸಿ. ಪ್ರೆಸ್ಸಿನ ಕಂಪ್ಯೂಟರಿನಲ್ಲಿ ನಿಮ್ಮ ಕನ್ನಡ ಫಾಂಟು ಇರಲಿ ಬಿಡಲಿ, ಒತ್ತಕ್ಷರ ಕೆಡುವುದಿಲ್ಲ. ನಿಮ್ಮ ಮೂಲ ಫೈಲಿನಲ್ಲಿ ಮಾತ್ರ ಅಕ್ಷರಗಳು ತಿದ್ದುವಂತೆಯೇ ಉಳಿಯುತ್ತವೆ. ಕೋರೆಲ್‌ನಲ್ಲಿ ನುಡಿ ತಂತ್ರಾಂಶದ ಆಸ್ಕಿ (ಯೂನಿಕೋಡ್ ಅಲ್ಲದ ಹಳೆಯ ಬಗೆಯ) ಫಾಂಟು ಬಳಸಿದ್ದರೆ ಕಂಟ್ರೋಲ್ ಮತ್ತು ಕ್ಯೂ ಒತ್ತಿ ಕರ್ವ್, ಎಂದರೆ ಇದೇ ರೀತಿ ಆಕಾರ, ಮಾಡದೆ ಫೈಲನ್ನು ಎಲ್ಲಿಗೂ ಕಳಿಸಬೇಡಿ, ಆದರೆ ಕರ್ವ್ ಮಾಡುವ ಮುನ್ನ ಒಂದು ಪ್ರತಿಯನ್ನು ಬೇರೆ ಹೆಸರಿನಲ್ಲಿ ಉಳಿಸಿಕೊಳ್ಳಿ. ಇಂಕ್‌ಸ್ಕೇಪ್‌ನ ಪಿಡಿಎಫ್ ಆರ್‌ಜಿಬಿ ಬಣ್ಣದ್ದು. ಡಿಜಿಟಲ್ ಯಂತ್ರಕ್ಕೆ ಸಾಮಾನ್ಯವಾಗಿ ಅದು ನಡೆಯುತ್ತದೆ. ಆಫ್‌ಸೆಟ್ಟಿಗೆ ಪ್ಲೇಟು ತೆಗೆಯುವುದಾದರೆ ಪರದೆಯ ಬಣ್ಣಗಳಾದ ಆರ್‌ಜಿಬಿಯಿಂದ ಮುದ್ರಣದ ನಾಲ್ಕು ಶಾಯಿಗಳ ಕ್ರಮವಾದ ಸಿಎಂವೈಕೆಗೆ ಬದಲಿಸುವ ಕೆಲಸ ಯಾರದು ಎಂದು ಪ್ರೆಸ್ಸಿನವರನ್ನು ಮೊದಲೇ ಕೇಳಿಕೊಳ್ಳಬೇಕು.

ಮುದ್ರಿಸುವಾಗ ‘ಫಿಟ್ ಟು ಪೇಜ್’ ಆಯ್ಕೆಯಾಗದೆ, ಶೇಕಡಾ 100ರ ಅಳತೆ ಇರಬೇಕೆಂದು ಹೇಳಿ ಒಂದೇ ಒಂದು ಶೀಟು ಹೊಡೆಸಿ. ಉಕ್ಕಿನ ಸ್ಕೇಲು ಹಿಡಿದು ಮೊದಲ ಕಾರ್ಡಿನ ಎಡ ಮಾರ್ಕಿನಿಂದ ಮೂರನೆಯ ಕಾರ್ಡಿನ ಬಲ ಮಾರ್ಕಿನವರೆಗೆ ಅಳೆಯಿರಿ: 282 ಮಿ.ಮೀ. ಇರಬೇಕು. ಮೊದಲ ಸಾಲಿನ ಮೇಲಿನ ಮಾರ್ಕಿನಿಂದ ಏಳನೆಯ ಸಾಲಿನ ಕೆಳಗಿನ ಮಾರ್ಕಿನವರೆಗೆ 414 ಇರಬೇಕು. ಎರಡೂ ಸರಿಯಾಗಿದ್ದರೆ ಉಳಿದ 23 ಶೀಟನ್ನು ಹೊಡೆಯಲು ಹೇಳಬಹುದು.